ಬಕೆಟ್ ಎಲ್ಲಿಡಬೇಕು?

ಮಳೆಗಾಲದಲ್ಲಿ ಎಲ್ಲೂ ಸೋರದ ಮನೆ ನಮ್ಮ ಕರಾವಳಿಯಲ್ಲಿ ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿದು. ಹೆಂಚು ಸರಿಪಡಿಸುವುದು, ಟರ್ಪಾಲು ಹೊದೆಸುವುದು, ಸೋರುವಲ್ಲಿ ಪಾತ್ರೆ ಇಡುವುದು ನಮ್ಮ ಹೆಂಗಸರಿಗೆ ಹೊಸ ಕೆಲಸವಲ್ಲ. ಆದರೆ ನಾನೀಗ ಹೇಳಹೊರಟಿರುವುದು ಮನೆಯ ಮಾಡಿನ ವಿಷಯವಲ್ಲ. ನಾಲ್ಕು ಚಕ್ರದ ಮೇಲೆ ಓಡಾಡುತ್ತಿದ್ದ ಒಂದು ಮಾಡಿನ ವಿಷಯ.

ನನ್ನ ದೊಡ್ಡಣ್ಣನನ್ನು ನಾವೆಲ್ಲ ಭಾಯಿ ಎಂದು ಕರೆಯುತ್ತೇವೆ. ಗಂಗೊಳ್ಳಿಯ ಹತ್ತಿರ ಅವರ ಮನೆ. ಜಾತ್ರೆ, ಉರೂಸ್, ಸಂತೆಗಳಲ್ಲಿ ಬಳೆ, ಬಾಚಣಿಗೆ, ಆಟದ ಸಾಮಾನು, ಅತ್ತರು ಮಾರಿ ಸಂಸಾರ ನಡೆಸಿದವರು. ಕೋಟೇಶ್ವರದ ಕೊಡಿ ಹಬ್ಬ, ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆ, ಐದು ವರ್ಷಕ್ಕೊಮ್ಮೆ ನಡೆಯುವ ಉಳ್ಳಾಲದ ಉರೂಸ್, ಇವೇ ಅವರ ಕ್ಯಾಲೆಂಡರು. 2007ರಲ್ಲಿ ಅವರು ಒಂದು ಹಳೆಯ ಮ್ಯಾಟಡೋರ್ ಕೊಂಡರು. ಪುಣೆಯ ಬಜಾಜ್ ಟೆಂಪೋ ಕಂಪನಿ ತಯಾರಿಸುತ್ತಿದ್ದ ಆ ಗಾಡಿ ಒಂದು ಕಾಲದಲ್ಲಿ ಎಲ್ಲ ಊರುಗಳಲ್ಲೂ ಕಾಣುತ್ತಿತ್ತು. 2005ರಲ್ಲಿ ಆ ಕಂಪನಿಯ ಹೆಸರೇ ಫೋರ್ಸ್ ಮೋಟಾರ್ಸ್ ಎಂದು ಬದಲಾಗಿದೆ. ಗಾಡಿಯ ಹಿಂಭಾಗವನ್ನು ಮೊದಲಿನ ಮಾಲೀಕರು ಬಾಡಿ ಕಟ್ಟುವವರಲ್ಲಿ ಕಟ್ಟಿಸಿದ್ದರು. ಕಬ್ಬಿಣದ ಚೌಕ ಪೈಪಿನ ಚೌಕಟ್ಟು, ಹೊರಗೆ ತಗಡು, ಒಳಗೆ ಪ್ಲೈವುಡ್.

ಭಾಯಿ ಅದರೊಳಗೆ ಎರಡು ಕಪಾಟು, ಒಂದು ಹಲಗೆ ಮಂಚ, ಸ್ಟವ್ ಇಡಲು ಒಂದು ಮೂಲೆ ಮಾಡಿಕೊಂಡರು. ಹಗಲು ಬದಿಯ ಬಾಗಿಲು ಎತ್ತಿ ಕಟ್ಟಿದರೆ ಅಂಗಡಿ. ರಾತ್ರಿ ಇಳಿಸಿದರೆ ಮನೆ. ಭಾಭಿಯೂ ಜೊತೆಗಿರುತ್ತಿದ್ದರು. ಮಕ್ಕಳು ಶಾಲೆಗೆ ಸೇರಿದ ಮೇಲೆ ನಮ್ಮ ಅಮ್ಮಿಯ ಹತ್ತಿರ ಉಳಿಯುತ್ತಿದ್ದರು, ರಜೆ ಬಂತೆಂದರೆ ಗಾಡಿ ಹತ್ತುತ್ತಿದ್ದರು. ವಿದೇಶದಲ್ಲಿ ಜನ ಕಾರಿನ ಹಿಂದೆ ಚಕ್ರದ ಮನೆಯನ್ನು ಎಳೆದುಕೊಂಡು ಪ್ರವಾಸ ಹೋಗುತ್ತಾರಂತೆ. ನಮ್ಮ ಭಾಯಿಯದು ಪ್ರವಾಸವಲ್ಲ, ಹೊಟ್ಟೆಪಾಡು. ಆದರೆ ಮಕ್ಕಳಿಗೆ ಆ ವ್ಯತ್ಯಾಸ ಗೊತ್ತಿರಲಿಲ್ಲ.

2019ರ ಮಳೆಗಾಲದ ಹೊತ್ತಿಗೆ ಭಾಯಿಯ ಬೆನ್ನು ಸೋತಿತ್ತು. ಭಾರ ಎತ್ತಬಾರದು, ದೂರ ಗಾಡಿ ಓಡಿಸಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ಅದೇ ವರ್ಷ ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತು. ಫೀಸು, ಹಾಸ್ಟೆಲ್ ಎಲ್ಲ ಸೇರಿ ಮೊದಲ ವರ್ಷಕ್ಕೆ 1,20,000 ರೂಪಾಯಿ ಬೇಕಿತ್ತು. ಗಾಡಿ ಮಾರುವುದೆಂದು ತೀರ್ಮಾನವಾಯಿತು. ಹೊಸನಗರ ಕಡೆಯ ಒಬ್ಬ ಯುವಕ ಜುಲೈಯಲ್ಲಿ ಬಂದು ನೋಡಿದ. ಸಂತೆಗಳಲ್ಲಿ ಬಟ್ಟೆ ಮಾರುವವನು. ಜೊತೆಗೆ ಹೆಂಡತಿ, ಅವಳ ಸೊಂಟದಲ್ಲಿ ಮಗು. ಅದೃಷ್ಟಕ್ಕೋ ದುರದೃಷ್ಟಕ್ಕೋ ಅಂದು ಮಳೆ ಬಿಟ್ಟಿತ್ತು. 1,40,000ಕ್ಕೆ ಮಾತಾಯಿತು. 5,000 ಮುಂಗಡ ಕೊಟ್ಟು, ನವರಾತ್ರಿಗೆ ಮೊದಲು ಒಯ್ಯುತ್ತೇನೆಂದು ಹೇಳಿ ಹೋದ.

ಗಾಡಿ ಸೋರುತ್ತದೆಂದು ನಮಗೆಲ್ಲ ಗೊತ್ತಿತ್ತು. ಬಾಗಿಲ ಕೆಳಗೆ ಬಣ್ಣ ಗುಳ್ಳೆ ಎದ್ದಿತ್ತು. ಒಂದು ಮೂಲೆಯಲ್ಲಿ ನೆಲ ಕಾಲಿಗೆ ಮೆತ್ತಗೆ ಸಿಗುತ್ತಿತ್ತು. ಪೇಟೆಯ ಒಬ್ಬ ಟಿಂಕರಿಂಗ್‌ನವನನ್ನು ಕರೆಸಿದೆವು. ಅವನು ಸುತ್ತು ಬಂದು ಹೇಳಿದ: “ಮೇಲೆ ಡಾಂಬರು ಶೀಟು ಅಂಟಿಸುವ. ತುಕ್ಕಿಗೆ ಪುಟ್ಟಿ ಹಾಕಿ ಪೈಂಟ್ ಹೊಡೆಯುವ. 9,000ಕ್ಕೆ ಮುಗಿಸಿ ಕೊಡುತ್ತೇನೆ. ಆರು ತಿಂಗಳು ಯಾರಿಗೂ ಏನೂ ಗೊತ್ತಾಗುವುದಿಲ್ಲ.”

ನಾನು ಸತ್ಯ ಹೇಳಬೇಕು. “ಹಾಗೇ ಮಾಡಿಸಿಬಿಡಿ ಭಾಯಿ” ಎಂದು ಮೊದಲು ಹೇಳಿದವಳು ನಾನೇ. ಮದ್ರಸದಲ್ಲಿ ಓದಿ, ಆಮೇಲೆ ಬಿ.ಎ. ಮಾಡಿ, ಹಗಲು ಶಾಲೆಯಲ್ಲೂ ಸಂಜೆ ಮದ್ರಸದಲ್ಲೂ ಮಕ್ಕಳಿಗೆ ಪಾಠ ಹೇಳುವ ನಾನು. ನನ್ನ ಕಣ್ಣ ಮುಂದೆ ಇದ್ದದ್ದು ಸೊಸೆಯ ಫೀಸು ಮಾತ್ರ.

ಭಾಭಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅವರು ಹೆಚ್ಚು ಮಾತಾಡುವವರಲ್ಲ. ಟಿಂಕರಿಂಗ್‌ನವನು ಹೋದ ಮೇಲೆ ಮೆಲ್ಲಗೆ ಹೇಳಿದರು: “ಹನ್ನೆರಡು ವರ್ಷ ನಾನು ಆ ಗಾಡಿಯಲ್ಲಿ ತಲೆಯ ಹತ್ತಿರ ಬಕೆಟ್ ಇಟ್ಟುಕೊಂಡು ಮಲಗಿದ್ದೇನೆ. ಆ ಹುಡುಗಿಗೆ ಬಕೆಟ್ ಎಲ್ಲಿಡಬೇಕು ಅಂತಲಾದರೂ ಹೇಳಬೇಡವಾ? ಅವಳಿಗೆ ಸಣ್ಣ ಮಗು ಬೇರೆ ಇದೆ.”

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಪ್ರತಿ ವರ್ಷ ನಾನೇ ಮಕ್ಕಳಿಗೆ ಹೇಳಿಕೊಡುವ ಒಂದು ಘಟನೆ ನೆನಪಾಯಿತು. ಮಾರಾಟಕ್ಕಿಟ್ಟ ಧಾನ್ಯದ ರಾಶಿಯೊಳಗೆ ಪ್ರವಾದಿಯವರು (ಸ) ಕೈ ಹಾಕಿದಾಗ ಬೆರಳಿಗೆ ತೇವ ತಗಲಿತು. ಮಳೆಗೆ ನೆನೆಯಿತು ಎಂದು ವ್ಯಾಪಾರಿ ಹೇಳಿದಾಗ, ಹಾಗಾದರೆ ಜನರಿಗೆ ಕಾಣುವಂತೆ ನೆನೆದದ್ದನ್ನು ಮೇಲೆ ಏಕೆ ಇಡಲಿಲ್ಲ ಎಂದು ಅವರು ಕೇಳಿದರು. ಎಷ್ಟು ಸಲ ಈ ಪಾಠ ಮಾಡಿದ್ದೇನೋ ಲೆಕ್ಕವಿಲ್ಲ. ನಮ್ಮ ಅಂಗಳದಲ್ಲೇ ಮಳೆಗೆ ನೆನೆದ ರಾಶಿ ನಿಂತಿದೆ ಎಂದು ನನಗೆ ಹೊಳೆದಿರಲಿಲ್ಲ. ಭಾಭಿ ಮದ್ರಸದ ಮೆಟ್ಟಿಲು ಹತ್ತಿದ್ದು ಕಡಿಮೆ. ಆದರೆ ಪಾಠ ಅವರಿಗೆ ಗೊತ್ತಿತ್ತು.

ಬೆಳಿಗ್ಗೆ ಭಾಯಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗೂ ಹಾಗೇ ಅನ್ನಿಸಿತ್ತು. ನೀನು ಹೇಳಿದ್ದಕ್ಕೆ ಒಪ್ಪಿದೆ” ಎಂದರು. ನನ್ನ ಮುಖ ಸಣ್ಣದಾಯಿತು.

ಬಕ್ರೀದ್ ಕಳೆದ ಮೇಲೆ ಕೆಲಸ ಶುರುವಾಯಿತು. ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಕಡಲಿಗೆ ಇಳಿದಿದ್ದವು. ಖಾಲಿಯಾಗಿದ್ದ ನೆರೆಮನೆಯವರ ದೋಣಿ ಕೊಟ್ಟಿಗೆಗೆ ಗಾಡಿಯನ್ನು ನೂಕಿದೆವು. ಮಳೆಯಲ್ಲಿ ನಿಂತು ಮಾಡು ರಿಪೇರಿ ಮಾಡಲಾಗದಲ್ಲ. ಊರಿನ ವೆಲ್ಡಿಂಗ್ ಆಚಾರ್ರು ಬಂದು ನೋಡಿ, “ಚೌತಿ ಮುಗಿಸಿ ಬತ್ತೆ ಟೀಚರೇ. ಅಷ್ಟರೊಳಗೆ ನೀರು ಎಲ್ಲಿಂದ ಬತ್ತು ಅಂತ ಕಂಡು ಇಡಿ” ಎಂದರು. ಹೇಗೆ ನೋಡಬೇಕೆಂದೂ ಹೇಳಿಕೊಟ್ಟರು.

ಸೆಪ್ಟೆಂಬರ್ 1 ಭಾನುವಾರ, ಮರುದಿನ ಚೌತಿಯ ರಜೆ. ಆ ಎರಡು ದಿನ ನಾನು ಟಾರ್ಚ್ ಹಿಡಿದು ಗಾಡಿಯೊಳಗೆ ಕುಳಿತೆ. ಭಾಯಿಯ ಮಗ ಹೊರಗಿನಿಂದ ತೋಟದ ಪೈಪಿನಲ್ಲಿ ನೀರು ಬಿಟ್ಟ. ಆಚಾರ್ರ ಮೊದಲ ನಿಯಮ, ನೀರನ್ನು ಕೆಳಗಿನಿಂದ ಶುರು ಮಾಡಬೇಕು. ಮೊದಲೇ ಮೇಲೆ ಸುರಿದರೆ ಎಲ್ಲೆಡೆ ಒದ್ದೆಯಾಗಿ ಯಾವ ತೂತಿನಿಂದ ಬಂತೆಂದು ತಿಳಿಯುವುದಿಲ್ಲ. ಒಂದೊಂದು ಜಾಗಕ್ಕೆ ಹತ್ತು ನಿಮಿಷ ನೀರು, ಆಮೇಲೆ ಒಂದು ಮೊಳ ಮೇಲಕ್ಕೆ. ನನ್ನ ಬ್ಯಾಗಿನಲ್ಲಿ ಸದಾ ಇರುವ ಸೀಮೆಸುಣ್ಣದಿಂದ ಹನಿ ಕಂಡಲ್ಲೆಲ್ಲ ಒಂದು ಸುತ್ತು ಹಾಕಿದೆ.

ಆಶ್ಚರ್ಯವೇನೆಂದರೆ, ಭಾಭಿ ಹನ್ನೆರಡು ವರ್ಷ ಬಕೆಟ್ ಇಟ್ಟ ಜಾಗದ ಮೇಲೆ ತೂತೇ ಇರಲಿಲ್ಲ. ನೀರು ಒಳಬರುತ್ತಿದ್ದದ್ದು ಅಲ್ಲಿಂದ ಐದು ಅಡಿ ಮುಂದೆ, ಮಾಡಿನ ಮೇಲಿನ ಲಗೇಜ್ ಕ್ಯಾರಿಯರ್‌ನ ಬೋಲ್ಟುಗಳ ಸಂದಿನಿಂದ. ಅದು ಕಮಾನಿನ ಪೈಪಿನ ಬೆನ್ನ ಮೇಲೆ ಹರಿದು, ತಗ್ಗು ಸಿಕ್ಕಿದಲ್ಲಿ ಮಂಚದ ಮೇಲೆ ಬೀಳುತ್ತಿತ್ತು. ಅಷ್ಟು ವರ್ಷವೂ ಭಾಯಿ ಹನಿ ಬೀಳುವ ಜಾಗದ ಮೇಲೆಯೇ ಅಂಟು ಮೆತ್ತುತ್ತಿದ್ದರು. ಸೋರಿಕೆ ನಿಲ್ಲುವುದಾದರೂ ಹೇಗೆ? ಮುಂದಿನ ಕ್ಯಾಬಿನ್ನೂ ಹಿಂದಿನ ಡಬ್ಬಿಯೂ ಸೇರುವ ಜೋಡಣೆ, ಹಿಂದಿನ ದೀಪದ ವಯರು ಒಳಬರುವ ತೂತು, ಇವೆರಡೂ ಉಳಿದ ಕಳ್ಳರು.

ಚೌತಿ ಮುಗಿಸಿ ಬಂದ ಆಚಾರ್ರು ಮಾಡನ್ನು ಕೆರೆಯಲು ಹೇಳಿದರು. ಡಾಂಬರು, ಅದರ ಕೆಳಗೆ ಎಂ-ಸೀಲ್, ಅದರ ಕೆಳಗೆ ಸಿಲಿಕೋನ್. ಮೂರು ಕಾಲದ ಮೂರು ರಿಪೇರಿ. ಒಂದೂ ತಗಡಿಗೆ ಸರಿಯಾಗಿ ಹಿಡಿದಿರಲಿಲ್ಲ. ಅಂಚು ಬಿಟ್ಟು ನೀರನ್ನು ಒಳಗೆ ಬಿಟ್ಟುಕೊಂಡು, ಒಣಗಿ ಹೋಗಲು ಮಾತ್ರ ದಾರಿ ಕೊಟ್ಟಿರಲಿಲ್ಲ. ಅವುಗಳ ಅಡಿಯಲ್ಲೇ ತುಕ್ಕು ಅತಿ ಹೆಚ್ಚಿತ್ತು. ಮುಚ್ಚಿದ್ದೆಲ್ಲ ರಿಪೇರಿಯಲ್ಲ ಎಂದು ಅಂದು ಕಣ್ಣಾರೆ ಕಂಡೆ. ವಿನೆಗರ್ ವಾಸನೆ ಬರುವ ಸಾಮಾನ್ಯ ಸಿಲಿಕೋನನ್ನು ಬರೀ ಕಬ್ಬಿಣದ ಮೇಲೆ ಹಾಕಲೇಬಾರದಂತೆ. ಅದರಲ್ಲಿರುವ ಆಮ್ಲವೇ ತುಕ್ಕು ಹಿಡಿಸುತ್ತದೆ.

ಆಮೇಲೆ ಒಳಗಿನ ಪ್ಲೈವುಡ್ ಬಿಚ್ಚಿದೆವು. ಕೆಳಗಿನ ಒಂದೂವರೆ ಅಡಿ ಕೈಯಲ್ಲಿ ಹಿಡಿದರೆ ನೆನೆದ ರೊಟ್ಟಿಯಂತೆ ಕಿತ್ತು ಬಂತು. ಚೌಕಟ್ಟಿನ ಪೈಪುಗಳಿಗೆ ಆಚಾರ್ರು ಸಣ್ಣ ಸುತ್ತಿಗೆಯಿಂದ ಬಡಿಯುತ್ತಾ ಹೋದರು. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತಿತ್ತು. ಕೆಟ್ಟಲ್ಲಿ ದಬ್ ಎನ್ನುತ್ತಿತ್ತು. ಎಡಬದಿಯ ಕೆಳಗಿನ ಪೈಪಿಗೆ ಸ್ಕ್ರೂಡ್ರೈವರ್ ಒತ್ತಿದರೆ ಹಾಗೆಯೇ ಒಳಗೆ ಹೋಯಿತು. “ಕಾಣಿ ಟೀಚರೇ, ಇದು ಕಬ್ಬಿಣ ಅಲ್ಲ, ಹಪ್ಪಳ” ಎಂದರು. ಹೊರಗಿನಿಂದ ಅಲ್ಲಿ ಕಂಡಿದ್ದು ನಾಲ್ಕು ಬಣ್ಣದ ಗುಳ್ಳೆ ಮಾತ್ರ.

ತುಕ್ಕು ಹಿಡಿಯಲು ಕಬ್ಬಿಣಕ್ಕೆ ನೀರು, ಗಾಳಿ ಎರಡೂ ಬೇಕು. ಉಪ್ಪು ಸೇರಿದರೆ ವೇಗ ಹೆಚ್ಚುತ್ತದೆ. ಮರವಂತೆಯಲ್ಲಿ ರಸ್ತೆಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ನದಿ. ಮಳೆಗಾಲದಲ್ಲಿ ಅಲೆಯ ತುಂತುರು ಗಾಡಿಗಳ ಮೇಲೇ ಬೀಳುತ್ತದೆ. ಆ ದಾರಿಯಲ್ಲಿ ಎಷ್ಟು ವರ್ಷ ಓಡಾಡಿದ ಗಾಡಿಯಿದು! ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಅದು ಬಣ್ಣವನ್ನು ಎಬ್ಬಿಸಿ ಗುಳ್ಳೆ ಮಾಡುತ್ತದೆ. ಅಲ್ಯೂಮಿನಿಯಂ ಪಾತ್ರೆಯ ಮೇಲೆ ಗಾಳಿಗೆ ಕಟ್ಟುವ ತೆಳು ಪದರ ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಹೆಪ್ಪಳಿಕೆ ಎದ್ದು ಉದುರಿ, ಹೊಸ ಕಬ್ಬಿಣವನ್ನು ಮತ್ತೆ ನೀರಿಗೆ ಒಡ್ಡುತ್ತದೆ. ಅದರ ಮೇಲೆ ಪುಟ್ಟಿ ಹಾಕಿದರೆ ಕಾಯಿಲೆಯ ಮೇಲೆ ಪೌಡರ್ ಹಚ್ಚಿದಂತೆ.

ಬ್ಯಾಟರಿ ಕಳಚಿ, ಉರಿಯುವ ವಸ್ತುಗಳನ್ನೆಲ್ಲ ಹೊರಗಿಟ್ಟು, ಪಕ್ಕದಲ್ಲಿ ಮರಳಿನ ಬಕೆಟ್ ಇಟ್ಟುಕೊಂಡು ಆಚಾರ್ರು ವೆಲ್ಡಿಂಗ್ ಶುರು ಮಾಡಿದರು. ತುಕ್ಕಿನ ಮೇಲೆ ವೆಲ್ಡಿಂಗ್ ನಿಲ್ಲುವುದಿಲ್ಲ. ಬೆಳ್ಳಗೆ ಹೊಳೆಯುವ ಒಳ್ಳೆಯ ಕಬ್ಬಿಣ ಸಿಗುವವರೆಗೆ ಕತ್ತರಿಸಲೇಬೇಕು. ಒಂದು ಅಡಿ ಎಂದುಕೊಂಡದ್ದು ನಾಲ್ಕು ಅಡಿಯಾಯಿತು. ಭಾಯಿ ಪ್ರತಿ ಅಡಿಗೂ ನಿಟ್ಟುಸಿರು ಬಿಟ್ಟರು. ಹೊಸ ಪೈಪು ಕೂರಿಸಿ, ಅದರ ತಳದಲ್ಲಿ ಸಣ್ಣ ತೂತುಗಳನ್ನು ಕೊರೆದರು. “ತೂತು ಮುಚ್ಚಲು ಕರೆದರೆ ನೀವು ಹೊಸದು ಮಾಡುತ್ತೀರಲ್ಲ” ಎಂದು ನಾನು ಕೇಳಿದೆ. ಮುಚ್ಚಿದ ಪೈಪಿನೊಳಗೆ ತೇವ ಸೇರಿಯೇ ಸೇರುತ್ತದೆ, ಹೊರಹೋಗಲು ದಾರಿ ಬೇಕು ಎಂದರು. ಹಳೆಯ ಪೈಪಿನ ಇಂಥ ತೂತುಗಳು ಮಣ್ಣು, ಬಣ್ಣ ತುಂಬಿ ಮುಚ್ಚಿಹೋಗಿದ್ದವು.

ವೆಲ್ಡಿಂಗ್ ಮುಗಿದ ಮೇಲಿನದು ನಮ್ಮ ಕೆಲಸ. ನಾನೂ ಭಾಭಿಯೂ ವೈರ್ ಬ್ರಷ್ ಹಿಡಿದು ಸಂಜೆಯ ಹೊತ್ತು ತಿಕ್ಕಿದೆವು. ಮೂಗಿಗೆ ದುಪಟ್ಟಾ ಕಟ್ಟಿಕೊಂಡಿದ್ದೆವು, ಆದರೂ ಮನೆಗೆ ಹೋಗಿ ಮುಖ ತೊಳೆದರೆ ಕೆಂಪು ನೀರು. ಚೆನ್ನಾಗಿ ಒರೆಸಿ ಒಣಗಿಸಿ ರೆಡ್ ಆಕ್ಸೈಡ್ ಎರಡು ಸಲ, ಆಮೇಲೆ ಎನಾಮಲ್ ಪೈಂಟ್. ಕ್ಯಾರಿಯರನ್ನು ತೆಗೆದೇ ಹಾಕಿ ಅದರ ತೂತುಗಳಿಗೆ ತಗಡಿನ ಬಿಲ್ಲೆ ಬೆಸೆದರು. ಕ್ಯಾಬಿನ್ ಜೋಡಣೆಯನ್ನು ಬಿಚ್ಚಿ, ಬಸ್ ಬಾಡಿಯವರು ಬಳಸುವ ಪಿ.ಯು. ಸೀಲೆಂಟನ್ನು ಎರಡು ತಗಡುಗಳ ನಡುವೆ ಹಾಕಿ ಮತ್ತೆ ಬಿಗಿದರು. ಅಂಟು ಇರಬೇಕಾದದ್ದು ಸಂದಿನ ಒಳಗೆ, ಮೇಲೆ ಮೆತ್ತುವುದಲ್ಲ. ಮುಂದಿನ ತಗಡು ಹಿಂದಿನದರ ಮೇಲೆ ಕೂರುವಂತೆಯೂ ನೋಡಿಕೊಂಡರು. ಹೆಂಚು ಹೊದೆಸಿದವರಿಗೆ ಇದು ಗೊತ್ತಿರುವುದೇ. ಮೇಲಿನದು ಕೆಳಗಿನದರ ಮೇಲೆ ಕೂರಬೇಕು, ನೀರಿಗೆ ಎದುರಾಗಿ ಬಾಯಿ ತೆರೆದಿರಬಾರದು.

ಸೀಲೆಂಟ್ ಒಣಗಲು ಬಿಟ್ಟು, ಪ್ಲೈವುಡ್ ಮುಚ್ಚುವ ಮೊದಲು ಮತ್ತೆ ನೀರಿನ ಪರೀಕ್ಷೆ. ಈ ಸಲ ಟಾರ್ಚ್ ಹಿಡಿದು ಒಳಗೆ ಕುಳಿತವರು ಭಾಭಿ. ಅರ್ಧ ಗಂಟೆಯಾದರೂ ಹೊರಬರಲಿಲ್ಲ. ನಾನು ಹೋಗಿ ನೋಡಿದರೆ ಮಂಚದ ಜಾಗದಲ್ಲಿ ಕುಳಿತು ಮಾಡನ್ನೇ ನೋಡುತ್ತಿದ್ದರು. “ಒಂದು ಹನಿಯೂ ಇಲ್ಲ. ನಮಗೆ ಇದು ಮೊದಲೇ ಗೊತ್ತಿದ್ದಿದ್ದರೆ...” ಎಂದು ಅಷ್ಟಕ್ಕೇ ನಿಲ್ಲಿಸಿದರು.

ಖರ್ಚಿನ ಲೆಕ್ಕ ನಾನೇ ಬರೆದಿಟ್ಟಿದ್ದೇನೆ. ಪೈಪು, ಆಂಗಲ್, ತಗಡು 6,800. ಆಚಾರ್ರ ಆರು ದಿನದ ಕೂಲಿ 9,000. ಸೀಲೆಂಟ್, ರಬ್ಬರ್ ವಾಷರ್ 2,400. ಬಣ್ಣ, ಬ್ರಷ್ 3,300. ಪ್ಲೈವುಡ್ 3,500. ಒಟ್ಟು 25,000 ರೂಪಾಯಿ.

ಸೆಪ್ಟೆಂಬರ್ ಕೊನೆಗೆ ಆ ಯುವಕ ಕುಟುಂಬದೊಂದಿಗೆ ಬಂದ. ಭಾಯಿ ಏನನ್ನೂ ಮುಚ್ಚಿಡಲಿಲ್ಲ. ಕತ್ತರಿಸಿ ತೆಗೆದ ಹಳೆಯ ಪೈಪನ್ನು ಚೀಲದಿಂದ ತೆಗೆದು ಅವನ ಕೈಗೇ ಕೊಟ್ಟರು. ಬಲಬದಿಯ ಕೆಳಗಿನ ಪೈಪನ್ನು ಬದಲಿಸಿಲ್ಲ, ತುಕ್ಕು ಕೆರೆದು ಬಣ್ಣ ಹಚ್ಚಿದ್ದಷ್ಟೇ, ಎರಡು ಮೂರು ವರ್ಷದಲ್ಲಿ ಬಿಚ್ಚಬೇಕಾದೀತು ಎಂದರು. ಹಳೆಯ ಗಾಡಿ, ಪ್ರತಿ ವರ್ಷ ಎಫ್.ಸಿ. ಮಾಡಿಸಬೇಕು ಎಂದೂ ನೆನಪಿಸಿದರು. ನಾನು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟೆ.

ಇಷ್ಟು ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಅವನು ಮೆಚ್ಚಿ ಪೂರ್ತಿ ಹಣ ಕೊಟ್ಟ ಎಂದು ಬರೆಯಲು ನನಗೂ ಆಸೆ. ಹಾಗಾಗಲಿಲ್ಲ. ಪೈಪನ್ನು ತಿರುಗಿಸಿ ತಿರುಗಿಸಿ ನೋಡಿದ. ಹೆಂಡತಿಯೊಡನೆ ದೂರ ಹೋಗಿ ಮಾತಾಡಿ ಬಂದ. “1,25,000ಕ್ಕೆ ಆದರೆ ಒಯ್ಯುತ್ತೇನೆ” ಎಂದ. ಭಾಯಿ ಒಪ್ಪಿದರು. ಖರ್ಚು ಕಳೆದು ಕೈಗೆ ಉಳಿದದ್ದು ಒಂದು ಲಕ್ಷ. ಪುಟ್ಟಿ ಹಾಕಿಸಿ ಮಾರಿದ್ದರೆ 1,31,000 ಉಳಿಯುತ್ತಿತ್ತು. ಫೀಸಿಗೆ ಕಡಿಮೆ ಬಿದ್ದ 20,000 ರೂಪಾಯಿಯನ್ನು ನನ್ನ ಉಳಿತಾಯದಿಂದ ಕೊಟ್ಟೆ. ಭಾಯಿ ಅದನ್ನು ಎರಡು ವರ್ಷದಲ್ಲಿ ಸ್ವಲ್ಪ ಸ್ವಲ್ಪವಾಗಿ ತೀರಿಸಿದರು. ಆಗ ಮನೆಯ ಮುಂದೆ ಒಂದು ಸಣ್ಣ ಬಳೆ ಅಂಗಡಿ ಇಟ್ಟಿದ್ದರು.

ಗಾಡಿ ಹೊರಡುವ ಮೊದಲು ಭಾಭಿ ಆ ಹುಡುಗಿಯನ್ನು ಒಳಗೆ ಕರೆದೊಯ್ದರು. ಸ್ಟವ್ ಎಲ್ಲಿಟ್ಟರೆ ಗಾಳಿ ತಾಗುವುದಿಲ್ಲ, ಮಗುವಿನ ಜೋಳಿಗೆ ಎಲ್ಲಿ ಕಟ್ಟಬಹುದು, ತಳದ ತೂತುಗಳನ್ನು ತಿಂಗಳಿಗೊಮ್ಮೆ ಕಡ್ಡಿ ಹಾಕಿ ಬಿಡಿಸಬೇಕು, ಎಲ್ಲ ಹೇಳಿಕೊಟ್ಟರು. ತಮ್ಮ ಹಳೆಯ ನೀಲಿ ಬಕೆಟನ್ನೂ ಒಳಗಿಟ್ಟರು. “ಈಗ ಸೋರುವುದಿಲ್ಲ, ಬಟ್ಟೆ ಒಗೆಯಲು ಇರಲಿ” ಎಂದರು.

ಮರುವರ್ಷ 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಬಂತು. ಜಾತ್ರೆ, ಸಂತೆ ಎಲ್ಲ ನಿಂತವು. ಆ ಕುಟುಂಬದ ಗತಿ ಏನಾಯಿತೋ ಎಂದು ನಮಗೆ ಚಿಂತೆ. ಜುಲೈಯಲ್ಲಿ ಒಂದು ದಿನ ಭಾಭಿಯ ಫೋನಿಗೆ ಕರೆ ಬಂತು. ಬಟ್ಟೆ ವ್ಯಾಪಾರ ನಿಂತು, ಅದೇ ಗಾಡಿಯಲ್ಲಿ ಊರೂರಿಗೆ ತರಕಾರಿ ಒಯ್ದು ಮಾರುತ್ತಿದ್ದಾರಂತೆ. ಬಾಡಿಗೆ ಕಟ್ಟಲಾಗದೆ ಮನೆ ಬಿಟ್ಟು, ಎರಡು ತಿಂಗಳು ಗಾಡಿಯಲ್ಲೇ ಮಲಗಿದ್ದರಂತೆ. ಮಲೆನಾಡಿನ ಆ ಮಳೆಯಲ್ಲಿ, ಸಣ್ಣ ಮಗುವಿನೊಂದಿಗೆ. ಕೇಳುತ್ತಿದ್ದ ನನ್ನ ಎದೆ ಒಮ್ಮೆ ಝಲ್ಲೆಂದಿತು. ಆ ಡಾಂಬರು ಶೀಟಿನ ಆರು ತಿಂಗಳು ಅಷ್ಟರಲ್ಲಿ ಮುಗಿದಿರುತ್ತಿತ್ತು.

ಅವಳು ಕರೆ ಮಾಡಿದ್ದು ಬೇರೆ ವಿಷಯಕ್ಕೆ. “ಅಕ್ಕಾ, ಹಿಂದಿನ ಬಾಗಿಲ ಹತ್ತಿರ ಒಂದೊಂದೇ ಹನಿ ಬೀಳುತ್ತಿದೆ. ಎಲ್ಲಿ ನೋಡಬೇಕು?”

ಭಾಭಿ ಒಲೆ ಸಣ್ಣ ಮಾಡಿ, ಸೆರಗಿಗೆ ಕೈ ಒರೆಸಿ, ಗೋಡೆಗೆ ಒರಗಿ ಕುಳಿತರು. “ಹನಿ ಬೀಳುವ ಜಾಗ ಬಿಡು. ಅಲ್ಲಿ ಏನೂ ಮೆತ್ತಬೇಡ. ಮೊದಲು ಕೆಳಗಿನಿಂದ ನೀರು ಹಾಕು...” ಎಂದು ಹೇಳತೊಡಗಿದರು.